ಭರ್ತಿ ಮುಗಿದ ಮೇಲೂ ಓಡು

ದಾಮರಗಿದ್ದದ ಹುಡುಗನಿಗೆ,

ಪೊಲೀಸ್ ನೌಕರಿಗಾಗಿ ನಸುಕಿನಲ್ಲೇ ಎದ್ದು ಡಾಂಬರು ರಸ್ತೆಯ ಮೇಲೆ ಓಡುವವರ ಗುಂಪಿನಲ್ಲಿ ನೀನೂ ಇದ್ದೀಯ. ತೆಲಂಗಾಣದ 2022ರ ಕಾನ್‌ಸ್ಟೇಬಲ್ ಭರ್ತಿಯಲ್ಲಿ ಗಂಡುಮಕ್ಕಳು 1,600 ಮೀಟರನ್ನು 7 ನಿಮಿಷ 15 ಸೆಕೆಂಡಿನೊಳಗೆ, ಹೆಣ್ಣುಮಕ್ಕಳು 800 ಮೀಟರನ್ನು 5 ನಿಮಿಷ 20 ಸೆಕೆಂಡಿನೊಳಗೆ ಓಡಿ ಮುಗಿಸಬೇಕಿತ್ತು. ಅದಕ್ಕಾಗಿ ತಿಂಗಳುಗಟ್ಟಲೆ ಬೆವರು ಸುರಿಸುತ್ತೀರಿ. ಆದರೆ ರಿಸಲ್ಟ್ ಬಂದ ಮೇಲೆ ಪಾಸಾದವನೂ ಫೇಲಾದವನೂ ಬೂಟು ಮೂಲೆಗೆ ಎಸೆದುಬಿಡುತ್ತಾರೆ. ನನ್ನ ತಕರಾರು ಇರುವುದು ಅಲ್ಲಿಯೇ, ಯಾಕೆಂದರೆ ಓಟ ಬಿಟ್ಟವರಿಗೆ ಶುಗರಿನ ಭಯ ಹೆಚ್ಚು.

ಶುಗರ್ ಅಂದರೆ ಹೊಟ್ಟೆ ಬಂದ ಹಿರಿಯರ ಕಾಯಿಲೆ ಅಂತ ನೀನು ತಿಳಿದಿರಬಹುದು. ಸ್ವೀಡನ್ ದೇಶದಲ್ಲಿ 1969ರಿಂದ 1997ರವರೆಗೆ ಸೈನ್ಯದ ತಪಾಸಣೆಗೆ ಬಂದ ಸುಮಾರು 15 ಲಕ್ಷ ಹುಡುಗರ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಹದಿನೆಂಟರ ವಯಸ್ಸಿನಲ್ಲಿ ಅವರ ದಮ್ಮನ್ನೂ ತೋಳು ಕಾಲುಗಳ ಕಸುವನ್ನೂ ಅಳೆದಿದ್ದರು. 2012ರವರೆಗೆ ಅವರಲ್ಲಿ 34 ಸಾವಿರ ಜನಕ್ಕೆ ಮಧುಮೇಹ ಬಂತು. ದಮ್ಮು, ಕಸುವು ಎರಡೂ ಕಡಿಮೆ ಇದ್ದವರಿಗೆ, ಎರಡೂ ಚೆನ್ನಾಗಿದ್ದವರಿಗಿಂತ ಮೂರು ಪಟ್ಟು ಅಪಾಯವಿತ್ತು. ತೂಕ ಸರಿಯಿದ್ದ ಹುಡುಗರಿಗೂ ಈ ಅಪಾಯ ತಪ್ಪಿರಲಿಲ್ಲ.

ಕಾರಣ ಸ್ನಾಯುವಿನಲ್ಲಿದೆ. ಉಂಡ ಅನ್ನ, ರೊಟ್ಟಿ ಗ್ಲೂಕೋಸ್ ಆಗಿ ರಕ್ತಕ್ಕೆ ಇಳಿದಾಗ, ಇನ್ಸುಲಿನ್ ನೆರವಿನಿಂದ ಅದರ ದೊಡ್ಡ ಪಾಲನ್ನು ಒಳಗೆಳೆದುಕೊಳ್ಳುವುದು ಸ್ನಾಯು. ರಾಶಿಯಾದ ಜೋಳಕ್ಕೆ ಹಗೇವು ಇದ್ದ ಹಾಗೆ. ಹಗೇವು ಸಣ್ಣದಾದರೆ ಕಾಳು ಹೊರಗೇ ಉಳಿಯುತ್ತದೆ. ಓಡುವಾಗ, ಭಾರ ಎತ್ತುವಾಗ ಸ್ನಾಯು ಇನ್ಸುಲಿನ್ನಿಗೆ ಕಾಯದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತದೆ.

‘ನಾನು ತೆಳ್ಳಗಿದ್ದೀನಿ ಕಾಕಾ’ ಅನ್ನಬೇಡ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಚಿತ್ರ ಅಚ್ಚು ಹಾಕಿಸಿದರು. ಎತ್ತರಕ್ಕೆ ತೂಕ ತಾಳೆ ನೋಡುವ ಬಿಎಂಐ ಇಬ್ಬರದೂ ಒಂದೇ, 22.3. ಮೈಯೊಳಗಿನ ಕೊಬ್ಬು ಮಾತ್ರ ಯುಡ್ಕಿನ್‌ರದು ಶೇ 9.1, ಯಾಜ್ಞಿಕರದು ಶೇ 21.2. ಒಬ್ಬರು ಮ್ಯಾರಥಾನ್ ಓಡುವವರು, ಇನ್ನೊಬ್ಬರ ಓಟ ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚುವುದರೊಳಗೆ ಒಳಸೇರಲಿಕ್ಕೆ ಅಂತ ಅವರೇ ತಮಾಷೆಯಾಗಿ ಬರೆದುಕೊಂಡರು. ತಾಯಿಗೆ ಸಾಲದ ಊಟ, ಕಡಿಮೆ ತೂಕದ ಕೂಸು, ಮುಂದೆ ಕೂತು ಕಳೆಯುವ ಬದುಕು, ಇವು ಕೂಡಿದ ಕಡೆ ಅಪಾಯ ಹೆಚ್ಚು ಅಂತ ಯಾಜ್ಞಿಕರ ಸಂಶೋಧನೆ ತೋರಿಸಿದೆ. ಬರ ಕಂಡ ನಮ್ಮ ಪಾಲಮೂರು ಸೀಮೆಯವರು ಇದನ್ನು ಹಗುರಾಗಿ ತೆಗೆದುಕೊಳ್ಳಬಾರದು.

ಅಜ್ಜ ಯಾವ ಗ್ರೌಂಡಿನಲ್ಲಿ ಓಡಿದ್ದ ಅಂತ ಕೇಳುತ್ತೀಯ. ಅವನಿಗೆ ಕುಂಟೆ ಹೊಡೆಯುವುದು, ತೊಗರಿ ಕೊಯ್ಯುವುದು, ಜಾತ್ರೆಯಲ್ಲಿ ಗುಂಡು ಎತ್ತುವುದು ಇತ್ತು. ಈಗ ಟ್ರ್ಯಾಕ್ಟರ್ ಬಂದಿದೆ, ಹೊಲಕ್ಕೂ ಬೈಕ್ ಮೇಲೆ ಹೋಗುತ್ತೀವಿ. ಹೈದರಾಬಾದಿಗೆ ದುಡಿಯಲು ಹೋದ ಎಷ್ಟೋ ಹುಡುಗರಿಗೆ ಸಿಗುವುದು ಡ್ರೈವರ್ ಸೀಟು, ಇಲ್ಲವೇ ಸೆಕ್ಯುರಿಟಿ ಕುರ್ಚಿ. ಜೋಳದ ರೊಟ್ಟಿಯಿದ್ದ ಗಂಗಾಳದಲ್ಲಿ ಅನ್ನ ಹೆಚ್ಚಾಗಿದೆ. ಅಜ್ಜನ ಊಟವೂ ದುಡಿಮೆಯೂ ಬದಲಾದ ಮೇಲೆ ಅವನ ಆರೋಗ್ಯ ಮಾತ್ರ ನಮಗೆ ಪಿತ್ರಾರ್ಜಿತವಾಗಿ ಬರುತ್ತದೆಯೇ?

ಓಡಿದವನಿಗೆ ಶುಗರ್ ಬರುವುದೇ ಇಲ್ಲ ಅಂತ ನಾನು ಖಾತ್ರಿ ಕೊಡಲಾರೆ. ಮನೆತನದಿಂದ ಬರುವ ಅಪಾಯ ಇದ್ದೇ ಇರುತ್ತದೆ. ಆದರೆ ಓಟ ಬಿಟ್ಟವರು ಮತ್ತೆ ಶುರು ಮಾಡಬಹುದು. ಅಮೆರಿಕದ ‘ಕಾರ್ಡಿಯಾ’ ಅಧ್ಯಯನದಲ್ಲಿ, 18ರಿಂದ 30 ವಯಸ್ಸಿನವರನ್ನು ಟ್ರೆಡ್‌ಮಿಲ್ ಮೇಲೆ ಪರೀಕ್ಷಿಸಿ ಏಳು ವರ್ಷದ ನಂತರ ಮತ್ತೆ ನೋಡಿದಾಗ, ದಮ್ಮು ಹೆಚ್ಚಿಸಿಕೊಂಡವರಲ್ಲಿ ಮಧುಮೇಹದ ಅಪಾಯ ತಗ್ಗಿತ್ತು.

ಆದ್ದರಿಂದ ಇಷ್ಟು ಮಾಡು. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯೋ ಓಟವೋ ಇರಲಿ. ಎರಡು ದಿನ ದಂಡ, ಬೈಠಕ್ ಹೊಡಿ. ಅಪ್ಪ ಅವ್ವನಿಗೆ ಶುಗರ್ ಇದ್ದರೆ ಮೂವತ್ತಾಗುವವರೆಗೆ ಕಾಯದೆ ಸರ್ಕಾರಿ ದವಾಖಾನೆಯಲ್ಲಿ ಖಾಲಿ ಹೊಟ್ಟೆಯಲ್ಲಿ ರಕ್ತದ ಶುಗರ್ ಪರೀಕ್ಷೆ ಮಾಡಿಸು. 100 ದಾಟಿದರೆ ಎಚ್ಚರ, 126 ಮುಟ್ಟಿದರೆ ಡಾಕ್ಟರು ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸುತ್ತಾರೆ. ನಿನ್ನ ಜೊತೆ ಓಡಿದ ತಂಗಿಯ ಓಟ ಮದುವೆಯ ನೆಪದಲ್ಲಿ ನಿಲ್ಲದಂತೆ ಮನೆಯಲ್ಲಿ ನೀನೇ ಮಾತಾಡು.

ನೌಕರಿ ಸಿಗಲಿ, ಬಿಡಲಿ, ಮುಂದಿನ ಭರ್ತಿಗೆ ಹೊಸ ಹುಡುಗರು ಅದೇ ರಸ್ತೆಗೆ ಇಳಿಯುತ್ತಾರೆ. ಊರಲ್ಲಿದ್ದರೆ ಅವರ ಜೊತೆ ಓಡು, ಟೈಮ್ ಹಿಡಿ, ಓಟ ಕಲಿಸು. ಅವರ ನೆಪದಲ್ಲಾದರೂ ನಿನ್ನ ಬೂಟು ಸವೆಯಲಿ.

ನಿನ್ನ ಕಾಕಾ