ಕನ್ನಡದ ದಾರಿಯಿಂದ ಜಪಾನಿ ಭಾಷೆಗೆ

ಯಶವಂತಪುರ, ಹೆಬ್ಬಾಳ, ಯಲಹಂಕಗಳ ಕಾಲೇಜು ವಿದ್ಯಾರ್ಥಿಗಳಲ್ಲಿ ಜಪಾನಿ ಭಾಷೆಯನ್ನು ಕಲಿಯಬಯಸುವವರುಂಟು. 1999ರಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯು ಕಾರುಗಳನ್ನು ತಯಾರಿಸತೊಡಗಿದ ಮೇಲೆ ಆ ನುಡಿ ನಮಗೆ ತೀರ ದೂರದ್ದಾಗಿ ಉಳಿದಿಲ್ಲ. ಆದರೆ ಪ್ರತಿ ವಾಕ್ಯವನ್ನೂ ಮೊದಲು ಇಂಗ್ಲಿಷಿಗೆ ತಿರುಗಿಸಿ ಕಲಿಯುವುದು ಸುತ್ತಿಬಳಸಿ ಮೂಗು ಹಿಡಿದಂತೆ. ಕನ್ನಡ ಬಲ್ಲವರಿಗೆ ನೇರವಾದ ದಾರಿಯೊಂದಿದೆ.

ಮೊದಲು ಲಿಪಿಯನ್ನು ನೋಡೋಣ. ಹಿರಗಾನ ಲಿಪಿಯಲ್ಲಿ 46 ಮೂಲಾಕ್ಷರಗಳಿವೆ. ಅವುಗಳ ಕ್ರಮ ಅ, ಇ, ಉ, ಎ, ಒ. ಬಳಿಕ ಕ, ಸ, ತ, ನ, ಹ, ಮ, ಯ, ರ, ವ ಸಾಲುಗಳು. ನಮ್ಮ ವರ್ಣಮಾಲೆಯ ಜಾಡು ಇಲ್ಲಿ ಸ್ಪಷ್ಟವಾಗಿದೆಯಷ್ಟೆ! ಬೌದ್ಧರೊಡನೆ ಚೀನಾದ ಮೂಲಕ ಹೋದ ಸಂಸ್ಕೃತ ಅಕ್ಷರಾಭ್ಯಾಸವೇ ಇದಕ್ಕೆ ಕಾರಣ. ಕಾಗುಣಿತದಂತೆ ದಿನಕ್ಕೊಂದು ಸಾಲನ್ನು ಬರೆದು ಪಠಿಸಿದರೆ ಎರಡು ವಾರಗಳೊಳಗೆ ಲಿಪಿ ಕೈವಶವಾಗುವುದು.

ಉಚ್ಚಾರಣೆಗೆ ನಮ್ಮ ಛಂದಸ್ಸಿನ ಮಾತ್ರೆಯೇ ಅಳತೆಗೋಲು. 'ಒಬಸನ್' ಎಂದರೆ ಚಿಕ್ಕಮ್ಮ ಅಥವಾ ಅತ್ತೆ. 'ಒಬಾಸನ್' ಎಂದರೆ ಅಜ್ಜಿ. 'ಕಿತೆ' ಎಂದರೆ ಬಂದು; 'ಕಿತ್ತೆ' ಎಂದರೆ ಅಂಚೆಚೀಟಿ. ಎರಡು ಜೋಡಿಗಳಲ್ಲಿಯೂ ವ್ಯತ್ಯಾಸ ಒಂದೇ ಮಾತ್ರೆಯದು. ಕೈತಟ್ಟಿ ಎಣಿಸುತ್ತ ಹೇಳುವುದು ಒಳ್ಳೆಯ ಅಭ್ಯಾಸ.

ವಾಕ್ಯರಚನೆಯಲ್ಲಿ ಹೋಲಿಕೆ ಇನ್ನೂ ಹೆಚ್ಚು. 'ವತಶಿ ವ ಎಕಿ ಎ ಇಕಿಮಸು': ನಾನು ನಿಲ್ದಾಣಕ್ಕೆ ಹೋಗುತ್ತೇನೆ. ಕ್ರಿಯಾಪದ ಕೊನೆಯಲ್ಲಿದೆ, 'ಎ' ಎಂಬುದು ನಮ್ಮ 'ಕ್ಕೆ' ಪ್ರತ್ಯಯದಂತೆ ನಾಮಪದದ ಹಿಂದೆ ಬಂದಿದೆ. 'ತಬೆತೆ ಮಿರು' ಎಂದರೆ ತಿಂದು ನೋಡುವುದು. 'ಕೈತೆ ಒಕು' ಎಂದರೆ ಬರೆದಿಡುವುದು. ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಕಾದುದು ಕನ್ನಡದಲ್ಲಿ ಪದಕ್ಕೆ ಪದವಾಗಿ ಕೂಡುತ್ತದೆ. ಆದರೂ ಎರಡು ನುಡಿಗಳೂ ಒಂದೇ ಮೂಲದವೆಂದು ಇದರಿಂದ ತೀರ್ಮಾನಿಸಲಾಗದು. ಭೇದಗಳೂ ಉಂಟು: ನಾನು, ನೀನು, ಅವರು ಎಂಬುದಕ್ಕೆ ತಕ್ಕಂತೆ ಜಪಾನಿ ಕ್ರಿಯಾಪದ ಬದಲಾಗುವುದಿಲ್ಲ.

ನಿಜವಾದ ಕಷ್ಟವು ಕಾಂಜಿ ಎಂಬ ಚೀನೀ ಮೂಲದ ಚಿಹ್ನೆಗಳಲ್ಲಿದೆ. 2010ರ ಸರಕಾರಿ ಪಟ್ಟಿಯಲ್ಲಿ ಇವು 2136. ಒಂದೇ ಚಿಹ್ನೆಗೆ ಹಲವು ಓದುಗಳಿರುವುದುಂಟು. ನೀರಿನ ಚಿಹ್ನೆ ಒಂಟಿಯಾಗಿದ್ದಾಗ 'ಮಿಜು', ಸಮಾಸದಲ್ಲಿ ಸಾಮಾನ್ಯವಾಗಿ 'ಸುಇ'. ನಾವು ಕುಡಿಯುವುದು ನೀರು, ಕಟ್ಟುವುದು ಜಲಾಶಯ ಅಲ್ಲವೆ? ಆದುದರಿಂದ ಚಿಹ್ನೆಯನ್ನು ಬಿಡಿಯಾಗಿ ಉರುಹೊಡೆಯದೆ ಶಬ್ದದೊಡನೆ ಕಲಿಯತಕ್ಕದ್ದು.

ಕಲಿತದ್ದು ಉಳಿಯುವುದು ಹೇಗೆ? ಮರೆವು ಮೊದಲು ವೇಗವಾಗಿಯೂ ಬಳಿಕ ನಿಧಾನವಾಗಿಯೂ ಸಾಗುವುದೆಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೆಯೇ ಪ್ರಯೋಗ ನಡೆಸಿ ತೋರಿಸಿದನು. ಹಾಗಾಗಿ ಒಂದೇ ರಾತ್ರಿ ನೂರು ಸಲ ಓದುವುದಕ್ಕಿಂತ ಮರುದಿನ, ಮೂರನೆಯ ದಿನ, ವಾರದ ಬಳಿಕ, ತಿಂಗಳ ಬಳಿಕ ಪುಸ್ತಕವನ್ನು ಮುಚ್ಚಿ ನೆನಪಿಸಿಕೊಳ್ಳುವುದು ಲೇಸು.

1984ರಲ್ಲಿ ಆರಂಭವಾದ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಗೆ ಬೆಂಗಳೂರಿನಲ್ಲಿಯೂ ಕೇಂದ್ರವಿದೆ. ಅದು ಓದುವ ಮತ್ತು ಕೇಳಿ ತಿಳಿಯುವ ಶಕ್ತಿಯನ್ನು ಅಳೆಯುವುದೇ ಹೊರತು ಮಾತನ್ನಲ್ಲ. ಪ್ರಮಾಣಪತ್ರವಿದ್ದೂ ಬಾಯಿಬಾರದವರಾಗಬಾರದೆಂದರೆ ದಿನಕ್ಕೆ ಕಾಲು ಗಂಟೆಯಾದರೂ ಜಪಾನಿಯರ ಧ್ವನಿಯನ್ನು ಕೇಳಿ, ಅದರ ಬೆನ್ನಿಗೇ ಗಟ್ಟಿಯಾಗಿ ನುಡಿಯಬೇಕು. ವ್ಯಾಕರಣದ ಅರ್ಧ ಭಾರವನ್ನು ತಾಯ್ನುಡಿ ಆಗಲೇ ಹೊತ್ತಿದೆ; ಉಳಿದುದಕ್ಕೆ ನಿತ್ಯದ ಅಭ್ಯಾಸವೇ ಸಾಧನ.