ಪೆನ್ಶನ್ ಇದೆಯೆಂದು ಸಂಬಳ ಬಿಡಬೇಡಿ

ಪೀಣ್ಯ, ಬೊಮ್ಮಸಂದ್ರ, ಬಿಡದಿ, ಹೀಗೆ ಬೆಂಗಳೂರಿನ ಸುತ್ತಲಿನ ಯಾವ ಕೈಗಾರಿಕಾ ಪ್ರದೇಶಕ್ಕೆ ಹೋದರೂ ಕಾರ್ಖಾನೆಯ ಗೇಟಿನಲ್ಲಿ ಒಬ್ಬ ಮಾಜಿ ಸೈನಿಕರು ಸಿಗುತ್ತಾರೆ. ಮಾತಿಗೆಳೆದರೆ, ಸೇನೆಯಲ್ಲಿ ಅವರು ಟ್ಯಾಂಕಿನ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದವರೋ ಜನರೇಟರ್ ರಿಪೇರಿ ಮಾಡುತ್ತಿದ್ದವರೋ ಆಗಿರುವುದುಂಟು. ಗೇಟು ಕಾಯುವುದು ಗೌರವದ ಕೆಲಸವೇ. ಆದರೆ ವರ್ಷಗಟ್ಟಲೆ ಸ್ಪ್ಯಾನರ್ ಹಿಡಿದು ಪಳಗಿದ ಕೈ ಗೇಟಿನಲ್ಲೇ ನಿಂತುಬಿಟ್ಟರೆ ಆ ಮನೆಗೂ ನಷ್ಟ, ಕಾರ್ಖಾನೆಗೂ ನಷ್ಟ. ಈ ನಷ್ಟದ ಹಿಂದೆ ಇರುವುದು ಒಂದೇ ಮಾತು: ‘ಹೇಗೂ ಪೆನ್ಶನ್ ಬರುತ್ತಲ್ಲ!’

ನಾನು ಹವಾಲ್ದಾರನಾಗಿದ್ದದ್ದು ಇಎಂಇಯಲ್ಲಿ. ಸೇನೆಯ ವಾಹನ, ಶಸ್ತ್ರ, ಯಂತ್ರಗಳ ದುರಸ್ತಿಯ ಹೊಣೆ ಹೊತ್ತ ದಳ ಅದು; ಹುಟ್ಟಿದ್ದು 1943ರಲ್ಲಿ. ಸಮವಸ್ತ್ರ ಕಳಚಿದಾಗ ನನಗೆ ನಲವತ್ತು ದಾಟಿತ್ತಷ್ಟೆ. ಮಕ್ಕಳು ಇನ್ನೂ ಶಾಲೆಯಲ್ಲಿದ್ದರು, ಮನೆಯ ದೊಡ್ಡ ಖರ್ಚುಗಳೆಲ್ಲ ಮುಂದಿದ್ದವು. ಸಿಪಾಯಿಯಿಂದ ಸುಬೇದಾರ್‌ವರೆಗಿನವರಿಗೆ ಹದಿನೈದು ವರ್ಷ ಸೇವೆಯಾದರೆ ಪೆನ್ಶನ್ ಸಿಗುತ್ತದೆ, ಕೊನೆಯ ವೇತನದ ಅರ್ಧದಷ್ಟು. ಅದು ಆಸರೆ ನಿಜ. ಆದರೆ ಸೇವೆಯಲ್ಲಿದ್ದಾಗ ಕ್ವಾರ್ಟರ್ಸ್, ರೇಶನ್, ಆಸ್ಪತ್ರೆ ಯಾವುದಕ್ಕೂ ನಾವು ಬೆಲೆ ಕಟ್ಟಿರುವುದಿಲ್ಲ. ಹೊರಗೆ ಬಂದ ತಿಂಗಳಿನಿಂದಲೇ ಬಾಡಿಗೆ, ಶಾಲೆಯ ಫೀಸು, ದಿನಸಿ ಎಲ್ಲಕ್ಕೂ ಬೆಲೆ. ಆದ್ದರಿಂದ ಎರಡನೆಯ ಕೆಲಸ ಹೊತ್ತು ಕಳೆಯಲು ಅಲ್ಲ, ಮನೆ ನಡೆಸಲು.

ಮೊದಲ ಸಂದರ್ಶನವೊಂದರಲ್ಲಿ ಮೇಂಟೆನೆನ್ಸ್ ಕೆಲಸದ ಬಗ್ಗೆ ಕೇಳಿದ್ದಕ್ಕೆಲ್ಲ ನಾನು ಉತ್ತರ ಕೊಟ್ಟ ಮೇಲೆ, ಅಲ್ಲಿನ ಹಿರಿಯರು ಸಂಬಳದ ಅಂಕಿ ಹೇಳಿದರು. ಅದೇ ಹುದ್ದೆಗೆ ಬೇರೆಯವರಿಗೆ ಕೊಡುವುದಕ್ಕಿಂತ ಅದು ಬಹಳ ಕಡಿಮೆ. ಕಾರಣ ಕೇಳಿದೆ. ‘ನಿಮಗೆ ಪೆನ್ಶನ್ ಇದೆಯಲ್ಲ’ ಎಂದರು. ನಾನು ಒಪ್ಪಲಿಲ್ಲ. ಪೆನ್ಶನ್ ನಾನು ಸಲ್ಲಿಸಿದ ಸೇವೆಗೆ ದೇಶ ಕೊಡುವ ಹಣ. ಅದನ್ನು ತೋರಿಸಿ ನನ್ನ ಇವತ್ತಿನ ದುಡಿಮೆಗೆ ರಿಯಾಯಿತಿ ಕೇಳುವ ಹಕ್ಕು ಯಾವ ಮಾಲೀಕರಿಗೂ ಇಲ್ಲ. ನಾವು ಒಪ್ಪಿದರೆ, ನಮ್ಮ ಪಕ್ಕದಲ್ಲಿ ನಿಂತು ಅದೇ ಕೆಲಸ ಮಾಡುವ, ಪೆನ್ಶನ್ ಇಲ್ಲದ ಹುಡುಗನ ಸಂಬಳವನ್ನೂ ಕೆಳಕ್ಕೆ ಎಳೆದಂತಾಗುತ್ತದೆ.

ಹಾಗಾದರೆ ಪೆನ್ಶನ್ನಿನ ನಿಜವಾದ ಉಪಯೋಗವೇನು? ಅದು ಕಲಿಯುವುದಕ್ಕೆ ಸಮಯ ಕೊಡುತ್ತದೆ. ಸಿಕ್ಕ ಮೊದಲ ಕೆಲಸಕ್ಕೆ ತಲೆಯಾಡಿಸದೆ, ಸರಿಯಾದ ಕೆಲಸಕ್ಕೆ ಕಾಯುವ ಧೈರ್ಯ ಕೊಡುತ್ತದೆ. ಎಂಜಿನ್, ಗೇರ್‌ಬಾಕ್ಸ್, ಹೈಡ್ರಾಲಿಕ್ಸ್ ನನಗೆ ಗೊತ್ತಿತ್ತು. ಪೀಣ್ಯದ ಶೆಡ್ಡುಗಳಲ್ಲಿ ಇದ್ದದ್ದು ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ, ವಿಎಂಸಿ ಯಂತ್ರಗಳು. ಆ ಅಂತರ ತುಂಬಲು ರಾಜಾಜಿನಗರದ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಸಿಎನ್‌ಸಿ ಪ್ರೋಗ್ರಾಮಿಂಗ್‌ನ ಅಲ್ಪಾವಧಿ ಕೋರ್ಸಿಗೆ ಸೇರಿದೆ. ಮಗನ ವಯಸ್ಸಿಗೆ ಹತ್ತಿರದ ಹುಡುಗರ ಜತೆ ಕೂತು ಕಲಿತೆ. ಆ ತಿಂಗಳುಗಳಲ್ಲಿ ಮನೆ ನಡೆದದ್ದು ಪೆನ್ಶನ್ನಿನಲ್ಲೇ. ಸೇವೆಯಲ್ಲಿರುವಾಗಲೇ ಕೊನೆಯ ಅವಧಿಯಲ್ಲಿ ಪುನರ್ವಸತಿ ಮಹಾನಿರ್ದೇಶನಾಲಯ, ಅಂದರೆ ಡಿಜಿಆರ್ ಮೂಲಕವೂ ಕೋರ್ಸುಗಳು ಸಿಗುತ್ತವೆ. ನಿವೃತ್ತಿಯ ಹತ್ತಿರ ಇರುವವರು ಆಗಲೇ ಹೆಸರು ಕೊಡಿ. ಸರ್ಟಿಫಿಕೇಟಿಗಾಗಿ ಅಲ್ಲ, ಮುಂದೆ ಮಾಡಬೇಕೆಂದಿರುವ ಕೆಲಸಕ್ಕೆ ಹೊಂದುವ ಕೋರ್ಸನ್ನೇ ಆರಿಸಿ.

ಸಂಬಳದ ಮಾತಿಗೆ ಕೂತಾಗ ರ್‍ಯಾಂಕ್ ಹೇಳಿದರೆ ಸಾಲದು, ಕಾರ್ಖಾನೆಗೆ ಅರ್ಥವಾಗುವ ಲೆಕ್ಕ ಹೇಳಬೇಕು. ಗಂಟೆಗೆ 500 ರೂಪಾಯಿ ದುಡಿಯುವ ಒಂದು ಯಂತ್ರ, ದಿನಕ್ಕೆ ಎರಡು ಶಿಫ್ಟ್, ಹದಿನಾರು ಗಂಟೆ ಎಂದಿಟ್ಟುಕೊಳ್ಳಿ. ಎರಡು ದಿನ ಅದು ಕೆಟ್ಟು ನಿಂತರೆ 16,000 ರೂಪಾಯಿ ಹೋಯಿತು. ತಿಂಗಳಿಗೆ ಇಂಥ ಒಂದೆರಡು ಬ್ರೇಕ್‌ಡೌನ್ ತಪ್ಪಿಸುವವನು ತನ್ನ ಸಂಬಳದ ಬಹುಪಾಲನ್ನು ತಾನೇ ಗಳಿಸಿಕೊಟ್ಟಂತೆ. ಸೇನೆಯಲ್ಲಿ ನಾವು ಮಾಡಿದ್ದೂ ಅದನ್ನೇ: ಗಾಡಿ ಕೆಡುವ ಮೊದಲೇ ನೋಡುವುದು, ಲಾಗ್‌ಬುಕ್ ಬರೆಯುವುದು, ಬಿಡಿಭಾಗಗಳ ಲೆಕ್ಕ ಇಡುವುದು. ನಾನು ನನ್ನ ಬಯೋಡೇಟಾದಲ್ಲಿ ಬರೆದದ್ದು ಇದನ್ನು: ಎಷ್ಟು ವಾಹನಗಳ ಹೊಣೆಯಿತ್ತು, ಕೈಕೆಳಗೆ ಎಷ್ಟು ಜನರಿದ್ದರು, ಯಾವ ಯಾವ ಓವರ್‌ಹಾಲ್ ಮಾಡಿದ್ದೆ. ಆಮೇಲೆ ಸೇರಿದ ಕಾರ್ಖಾನೆಯಲ್ಲಿ ಪೆನ್ಶನ್ನಿನ ಮಾತೇ ಬರಲಿಲ್ಲ.

ಇನ್ನು ಕಮ್ಯುಟೇಶನ್. ಸೇನೆಯವರು ಮೂಲ ಪೆನ್ಶನ್ನಿನ ಅರ್ಧದವರೆಗೆ ಮುಂಗಡವಾಗಿ ಇಡಿಗಂಟು ಪಡೆಯಬಹುದು. ಮೂಲ ಪೆನ್ಶನ್ 24,000 ಎಂದಿರಲಿ. ಅರ್ಧ, ಅಂದರೆ 12,000 ಬಿಟ್ಟುಕೊಟ್ಟರೆ, ನಲವತ್ತರ ಆಸುಪಾಸಿನಲ್ಲಿ ಅದರ ಸುಮಾರು ಒಂಬತ್ತು ವರ್ಷಗಳ ಮೊತ್ತ ಒಮ್ಮೆಗೇ ಕೈಗೆ ಬರುತ್ತದೆ, ಹೆಚ್ಚುಕಡಿಮೆ 13 ಲಕ್ಷ. ಕಡಿತ ಹದಿನೈದು ವರ್ಷ ನಡೆಯುತ್ತದೆ, ಆಮೇಲೆ ಪೂರ್ತಿ ಪೆನ್ಶನ್ ಮರಳುತ್ತದೆ. ಲೆಕ್ಕ ಹಾಕಿದರೆ ಇದು ಸುಮಾರು ಶೇ 7.5 ಬಡ್ಡಿಯ ಸಾಲಕ್ಕೆ ಸಮ. ಆ ಇಡಿಗಂಟಿಗೆ ತೆರಿಗೆ ಇಲ್ಲ. ತುಟ್ಟಿಭತ್ಯೆಯನ್ನು ಪೂರ್ತಿ ಮೂಲ ಪೆನ್ಶನ್ ಮೇಲೆಯೇ ಕೊಡುತ್ತಾರೆ. ನಡುವೆ ಪಿಂಚಣಿದಾರ ತೀರಿಕೊಂಡರೆ ಬಾಕಿಯನ್ನು ಕುಟುಂಬ ಪಿಂಚಣಿಯಿಂದ ಮುರಿದುಕೊಳ್ಳುವುದಿಲ್ಲ. ಹೆಚ್ಚು ಬಡ್ಡಿಯ ಸಾಲ ತೀರಿಸಲು, ಮಕ್ಕಳ ಓದಿಗೆ, ವಾಸಕ್ಕೇ ಬೇಕಾದ ಮನೆಗೆ ಇದು ಒಳ್ಳೆಯ ಹಣ. ಊರಿನವರ ಒತ್ತಾಯಕ್ಕೆ ಕೊಳ್ಳುವ ಸೈಟಿಗೆ, ಪರಿಚಯವಿಲ್ಲದ ಪಾಲುದಾರಿಕೆಗೆ ಅಲ್ಲ. ಕೆಲಸ ಯಾವ ಊರಿನಲ್ಲಿ ನೆಲೆ ನಿಲ್ಲುತ್ತದೆಂದು ಖಾತ್ರಿಯಾಗುವವರೆಗೆ ನಾನು ಈ ಹಣವನ್ನು ಬ್ಯಾಂಕಿನ ಠೇವಣಿಯಲ್ಲೇ ಇಟ್ಟಿದ್ದೆ. ಐವತ್ತು ತುಂಬಿದ ನಿವೃತ್ತ ಸೈನಿಕರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಾಗಿಲೂ ತೆರೆಯುತ್ತದೆ. ಉಳಿದವರು ಅರವತ್ತರವರೆಗೆ, ಬೇಗ ನಿವೃತ್ತರಾದರೆ ಐವತ್ತೈದರವರೆಗೆ ಕಾಯಬೇಕು.

ನೇಮಕಾತಿ ಪತ್ರದಲ್ಲಿ ನೋಡಬೇಕಾದದ್ದು ಪಿಎಫ್. ಮೊದಲ ಬಾರಿ ಪಿಎಫ್ ವ್ಯಾಪ್ತಿಗೆ ಬರುವವರ ಮೂಲ ವೇತನ ಮತ್ತು ಡಿಎ ಸೇರಿ 15,000 ದಾಟಿದ್ದರೆ ಅವರನ್ನು ಹೊರಗಿಡಲು ನಿಯಮದಲ್ಲಿ ಅವಕಾಶ ಇತ್ತು. ಆದ್ದರಿಂದ ಪಿಎಫ್ ಇದೆಯೇ, ಕಂಪನಿಯ ಪಾಲು ಪೂರ್ತಿ ಶೇ 12ರಷ್ಟೋ ಅಥವಾ ತಿಂಗಳಿಗೆ 1,800 ರೂಪಾಯಿ ಮಾತ್ರವೋ ಎಂದು ಬರವಣಿಗೆಯಲ್ಲೇ ಕೇಳಿಕೊಳ್ಳಿ. ಸಿಟಿಸಿ ಎಂದು ಹೇಳುವ ದೊಡ್ಡ ಅಂಕಿಯೊಳಗೆ ಕಂಪನಿಯ ಪಿಎಫ್ ಪಾಲು, ಗ್ರ್ಯಾಚುಟಿ, ಬೋನಸ್ ಎಲ್ಲ ಸೇರಿರುತ್ತವೆ. ಕೈಗೆ ಬರುವುದೆಷ್ಟು ಎಂಬುದನ್ನೇ ಕೇಳಿ.

ತೆರಿಗೆಯ ವಿಷಯ ಇನ್ನೂ ಸೂಕ್ಷ್ಮ. ಪೆನ್ಶನ್ನಿಗೆ ರಕ್ಷಣಾ ಪಿಂಚಣಿಯ ವ್ಯವಸ್ಥೆಯಾದ ಸ್ಪರ್ಶ್‌ನಿಂದ ಒಂದು ಫಾರ್ಮ್ 16, ಕಂಪನಿಯಿಂದ ಇನ್ನೊಂದು. ಒಂದರ ಲೆಕ್ಕ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಪೆನ್ಶನ್ ವರ್ಷಕ್ಕೆ 4.2 ಲಕ್ಷ, ಸಂಬಳ 9 ಲಕ್ಷ ಇದ್ದರೆ ಎರಡೂ ಕಡೆ ತೆರಿಗೆ ಸೊನ್ನೆಯೆಂದೇ ಕಾಣುತ್ತದೆ. ಕೂಡಿಸಿದರೆ 13.2 ಲಕ್ಷ. 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಒಂದೇ ಸಲ ಸಿಗುವುದರಿಂದ ಉಳಿಯುವುದು 12.45 ಲಕ್ಷ. 2025–26ರ ಹೊಸ ತೆರಿಗೆ ಪದ್ಧತಿಯಲ್ಲಿ ರಿಯಾಯಿತಿಯ ಮಿತಿ 12 ಲಕ್ಷ. ಹಾಗಾಗಿ 45,000 ರೂಪಾಯಿ ಮತ್ತು ಸೆಸ್ ಕಟ್ಟಬೇಕಾಗುತ್ತದೆ. ವರ್ಷದ ಮೊದಲಲ್ಲೇ ಪೆನ್ಶನ್ ವಿವರವನ್ನು ಕಂಪನಿಗೆ ಕೊಟ್ಟುಬಿಟ್ಟರೆ ತಿಂಗಳಿಂದ ತಿಂಗಳಿಗೆ ಸ್ವಲ್ಪ ಸ್ವಲ್ಪವೇ ಕಡಿತವಾಗಿ, ರಿಟರ್ನ್ಸ್ ಹೊತ್ತಿಗೆ ತಲೆನೋವು ಇರುವುದಿಲ್ಲ. ಸಂಬಳದ ಚರ್ಚೆ ಮುಗಿದು, ಕೆಲಸಕ್ಕೆ ಸೇರಿದ ಮೇಲೆ ಈ ವಿವರ ಕೊಡುವುದರಲ್ಲಿ ತೊಂದರೆಯಿಲ್ಲ.

ಇದೆಲ್ಲವನ್ನೂ ಈಗ ಬರೆಯಲು ಕಾರಣ ಅಗ್ನಿವೀರರು. 2022ರಲ್ಲಿ ಶುರುವಾದ ಸೇನಾ ನೇಮಕಾತಿ ಯೋಜನೆಯಲ್ಲಿ ನಾಲ್ಕು ವರ್ಷ ಮುಗಿಸಿ ಹೊರಬರುವ ಹುಡುಗರಿಗೆ ಪೆನ್ಶನ್ ಇಲ್ಲ. ಸೇವಾನಿಧಿ ಎಂಬ ಸುಮಾರು 11.71 ಲಕ್ಷದ ಇಡಿಗಂಟು ಮಾತ್ರ. ನಮ್ಮ ಕೊಡಗು, ಬೆಳಗಾವಿ, ಗದಗ, ಹಾಸನದ ಮನೆಗಳಿಗೂ ಅವರು ಮರಳುತ್ತಾರೆ. ಆ ಹಣದ ಒಂದು ಸಣ್ಣ ಪಾಲನ್ನು ಕೌಶಲಕ್ಕೆ ಹಾಕಿ, ಉಳಿದದ್ದನ್ನು ಕೆಲಸ ಗಟ್ಟಿಯಾಗುವವರೆಗೆ ಮುಟ್ಟಬೇಡಿ ಎಂದು ನಾನು ಅವರನ್ನು ಕೇಳಿಕೊಳ್ಳುತ್ತೇನೆ. ಬೈಕು, ಸೈಟು ಕಾಯಬಲ್ಲವು. ಇಪ್ಪತ್ತೈದರ ಒಳಗೆ ಕಲಿತ ಕಸುಬು ಮೂವತ್ತೈದು ವರ್ಷ ಅನ್ನ ಹಾಕುತ್ತದೆ. ಕಾರ್ಖಾನೆ ನಡೆಸುವವರಲ್ಲೂ ನನ್ನದೊಂದು ಮನವಿ: ಮಾಜಿ ಸೈನಿಕರ ಅರ್ಜಿ ಬಂದರೆ ಅದನ್ನು ಸೆಕ್ಯುರಿಟಿ ವಿಭಾಗಕ್ಕೆ ಕಳಿಸುವ ಮೊದಲು ಅವರ ಟ್ರೇಡ್ ಯಾವುದಿತ್ತೆಂದು ಓದಿ, ಒಮ್ಮೆ ಶಾಪ್‌ಫ್ಲೋರಿನಲ್ಲಿ ಕೆಲಸ ಕೊಟ್ಟು ನೋಡಿ, ಆ ಕೆಲಸಕ್ಕೆ ತಕ್ಕ ಸಂಬಳ ಕೊಡಿ.