ವಾರ್ಷಿಕ ಸಂಚಿಕೆ ಸಿದ್ಧವಾಗುವ ಬಗೆ



ಶಾಲೆಯ ವಾರ್ಷಿಕ ಸಂಚಿಕೆ ಕೈಗೆ ಬಂದೊಡನೆ ನೀವು ಮೊದಲು ಹುಡುಕುವುದು ನಿಮ್ಮ ಹೆಸರನ್ನು. ಬಳಿಕ ನಿಮ್ಮ ಭಾವಚಿತ್ರವನ್ನು. ಇದರಲ್ಲಿ ನಾಚಿಕೊಳ್ಳತಕ್ಕದ್ದೇನೂ ಇಲ್ಲ. ಈ ಮುಂಬಯಿಯಲ್ಲಿ ರೈಲಿನ ಪಾಸು, ಬ್ಯಾಂಕಿನ ಪುಸ್ತಕ, ಆಧಾರ್ ಕಾರ್ಡು ಮುಂತಾದವುಗಳಲ್ಲಿ ನಿಮ್ಮ ಹೆಸರು ಇಂಗ್ಲಿಷಿನಲ್ಲಿಯೋ ದೇವನಾಗರಿಯಲ್ಲಿಯೋ ಇರುತ್ತದೆ. ಅದು ಕನ್ನಡದಲ್ಲಿ ಅಚ್ಚಾಗಿ ಉಳಿಯುವ ಸ್ಥಳಗಳು ಕೆಲವೇ. ಅವುಗಳಲ್ಲಿ ಈ ಸಂಚಿಕೆಯೂ ಒಂದು. ಆದುದರಿಂದ ಇದು ಹೇಗೆ ಸಿದ್ಧವಾಗುತ್ತದೆಂಬುದನ್ನು ನೀವು ತಿಳಿದಿರಬೇಕು. ಮುಂದಿನ ವರ್ಷ ಸಂಪಾದಕ ಮಂಡಲಿಯಲ್ಲಿ ಕುಳಿತುಕೊಳ್ಳುವವರು ನೀವೇ ಅಲ್ಲವೆ?

1. ಪುಟಗಳ ಲೆಕ್ಕ

ಬರಹಗಳನ್ನು ಆರಿಸುವುದಕ್ಕೆ ಮುನ್ನ ಪುಟಗಳನ್ನು ಎಣಿಸಬೇಕು. ಮುದ್ರಣಾಲಯದಲ್ಲಿ ಪುಟಗಳು ಒಂದೊಂದಾಗಿ ಅಚ್ಚಾಗುವುದಿಲ್ಲ. ದೊಡ್ಡ ಹಾಳೆಯ ಒಂದು ಮಗ್ಗುಲಿಗೆ ಎಂಟು, ಇನ್ನೊಂದು ಮಗ್ಗುಲಿಗೆ ಎಂಟು, ಹೀಗೆ 16 ಪುಟಗಳು ಒಟ್ಟಿಗೆ ಅಚ್ಚಾಗುವುದು ವಾಡಿಕೆ. ಇದಕ್ಕೆ ಫಾರಂ ಎಂದು ಹೆಸರು. 64 ಪುಟಗಳ ಸಂಚಿಕೆಗೆ ನಾಲ್ಕು ಫಾರಂಗಳು ಬೇಕು. 65ನೆಯ ಪುಟಕ್ಕೆ ಬರಹ ಉಳಿದರೆ, ಮಡಿಸಿ ಹೊಲಿಯುವ ಸಂಚಿಕೆಯಲ್ಲಿ ಕಡಮೆಯೆಂದರೂ ನಾಲ್ಕು ಪುಟಗಳು ಏರುತ್ತವೆ.

ಇದನ್ನು ನೀವೇ ಪರೀಕ್ಷಿಸಬಹುದು. ಒಂದು ಕಾಗದವನ್ನು ಮೂರು ಸಲ, ಪ್ರತಿಸಲವೂ ಹಿಂದಿನ ಮಡಿಕೆಗೆ ಅಡ್ಡವಾಗಿ, ಮಡಿಸಿರಿ. ಅಂಚುಗಳನ್ನು ತುಸು ಎತ್ತಿ 1ರಿಂದ 16ರವರೆಗೆ ಅಂಕೆಗಳನ್ನು ಹಾಕಿ, ಆಮೇಲೆ ಬಿಚ್ಚಿ ನೋಡಿರಿ. 1ರ ಜೊತೆಗೆ 2 ಇರುವುದಿಲ್ಲ, 16 ಇರುತ್ತದೆ. ಕೆಲವು ಅಂಕೆಗಳು ತಲೆಕೆಳಗಾಗಿ ನಿಂತಿರುತ್ತವೆ. ಬೆನ್ನಿನ ಮಡಿಕೆಯಲ್ಲಿ ಕೂಡುವ ಎರಡು ಪುಟಗಳ ಮೊತ್ತವು ಯಾವಾಗಲೂ 17. ಕೊನೆಯ ಗಳಿಗೆಯಲ್ಲಿ ಒಂದು ಕವನವನ್ನು ಸೇರಿಸಿರೆಂದರೆ ಸಂಪಾದಕರು ಏಕೆ ಹುಬ್ಬು ಗಂಟಿಕ್ಕುವರೆಂಬುದು ಈಗ ಅರ್ಥವಾದೀತು.

2. ಚಿತ್ರಗಳು

ಮುದ್ರಿತ ಚಿತ್ರವು ಸಣ್ಣ ಚುಕ್ಕೆಗಳಿಂದಾದುದು. ಅದು ಸ್ಪಷ್ಟವಾಗಿ ಮೂಡಬೇಕಾದರೆ ಅಂಗುಲಕ್ಕೆ ಸುಮಾರು 300 ಬಿಂದುಗಳಿರಬೇಕು. ಅಂದರೆ 10 ಸೆಂಟಿಮೀಟರ್ ಅಗಲದ ಚಿತ್ರಕ್ಕೆ ಸುಮಾರು 1,200. ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಸಂದೇಶವಾಗಿ ಸಾಗುವ ಚಿತ್ರಗಳಲ್ಲಿ ಎಷ್ಟೋ ಬಿಂದುಗಳು ದಾರಿಯಲ್ಲಿಯೇ ಕಳೆದುಹೋಗುತ್ತವೆ. ಆದುದರಿಂದ ಮೂಲಚಿತ್ರವನ್ನೇ ತಂದುಕೊಡಿರಿ. ಗುಂಪು ಚಿತ್ರ ತೆಗೆದ ದಿನವೇ ಕುಳಿತವರ, ನಿಂತವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆದಿಡಿರಿ. ಹತ್ತು ವರ್ಷಗಳ ಮೇಲೆ ಹೆಸರಿಲ್ಲದ ಮುಖವನ್ನು ಗುರುತಿಸುವವರು ಯಾರು?

3. ಅಕ್ಷರ ಜೋಡಣೆ

1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ಹೊರಡಿಸಿದ ಕನ್ನಡದ ಮೊದಲ ವೃತ್ತಪತ್ರಿಕೆ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಮುಂದೆ ಸೀಸದ ಮೊಳೆಗಳ ಕಾಲ ಬಂದಿತು. ಕಾಗುಣಿತ, ಒತ್ತಕ್ಷರಗಳ ಮೊಳೆಗಳನ್ನು ಒಂದೊಂದಾಗಿ ಆಯ್ದು ಜೋಡಿಸಬೇಕಾಗಿತ್ತು. ಇಂದು ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯಂತಹ ತಂತ್ರಾಂಶದಿಂದ ಕಂಪ್ಯೂಟರಿನಲ್ಲಿ ಈ ಕೆಲಸ ನಡೆಯುತ್ತದೆ. ಶ್ರಮ ಕಡಮೆಯಾಯಿತು, ತಪ್ಪು ಮಾತ್ರ ಇಲ್ಲವಾಗಲಿಲ್ಲ. ಹಳೆಯ ಅಕ್ಷರರೂಪದಿಂದ ಯೂನಿಕೋಡಿಗೆ ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಸ್ಥಾನ ತಪ್ಪುವುದುಂಟು.

4. ಕರಡು ತಿದ್ದುವುದು

ಇದೇ ಮುಖ್ಯವಾದ ಕಾರ್ಯ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡನ್ನು ನೋಡಬೇಕು. ತಾನು ಬರೆದುದನ್ನು ತಾನೇ ತಿದ್ದಬಾರದು. ಕಣ್ಣು ಇರುವುದನ್ನು ಬಿಟ್ಟು ಇರಬೇಕಾದುದನ್ನೇ ಓದಿಬಿಡುತ್ತದೆ.

ನಮ್ಮ ನಗರದಲ್ಲಿ ಹೆಸರುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಮರಾಠಿ ಬರವಣಿಗೆಯಲ್ಲಿ ಎ–ಏ, ಒ–ಓಗಳಿಗೆ ಬೇರೆ ಬೇರೆ ಚಿಹ್ನೆಗಳಿಲ್ಲ. ಅಲ್ಲಿಂದ ನಕಲು ಮಾಡಿದರೆ ಶೆಟ್ಟಿಯು ‘ಶೇಟ್ಟಿ’ಯಾಗುವನು, ದೊಡ್ಡಮನಿಯು ‘ದೋಡ್ಡಮನಿ’ಯಾಗುವನು. ಇಂಗ್ಲಿಷಿನಿಂದ ತೆಗೆದರೆ ಗೀತಾ ‘ಗೀಥಾ’ ಆಗುವಳು. ಹಾಜರಿ ಪುಸ್ತಕದಿಂದ ಹೆಸರುಗಳನ್ನು ಇಳಿಸಿಕೊಂಡರೆ ಸಾಲದು. ಪ್ರತಿಯೊಬ್ಬ ವಿದ್ಯಾರ್ಥಿಯಿಂದಲೂ ಅವನ ಹೆಸರನ್ನು ಕನ್ನಡದಲ್ಲಿ ಬರೆಯಿಸಿ ತೆಗೆದುಕೊಳ್ಳಬೇಕು. ಬರೆಯಲು ತಡವರಿಸುವವನಿದ್ದರೆ ಅಂದೇ ಕಲಿಯಲಿ.

ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕನ್ನಡ ಓದಿದ ಹುಡುಗರು ಈ ಊರಿನಲ್ಲಿ ಎಷ್ಟೋ ಮಂದಿ ಆಗಿಹೋದರು. ಅಂಥ ಎಷ್ಟೋ ತರಗತಿಗಳು ಮುಚ್ಚಿಹೋದವು. ಅಲ್ಲಿ ಕಲಿತವರ ಗುರುತು ಹಳೆಯ ಸಂಚಿಕೆಯ ಒಂದು ಸಾಲಿನಲ್ಲಿ ಮಾತ್ರ ಉಳಿದಿರಬಹುದು. ಆ ಸಾಲು ತಪ್ಪಾಗಿದ್ದರೆ ತಿದ್ದುವವರಿಲ್ಲ. ಮುಖಪುಟದ ಬಣ್ಣ ಕಾಲಕ್ರಮದಲ್ಲಿ ಮಾಸುತ್ತದೆ. ಸರಿಯಾಗಿ ಅಚ್ಚಾದ ಹೆಸರನ್ನು ಮೊಮ್ಮಕ್ಕಳೂ ಓದಿಯಾರು.

ಅಭ್ಯಾಸ

1. 40 ಪುಟಗಳ ಸಂಚಿಕೆಗೆ 16 ಪುಟಗಳ ಫಾರಂಗಳು ಎಷ್ಟು? ಉಳಿಯುವ ಪುಟಗಳೆಷ್ಟು?
2. ನಿಮ್ಮ ತರಗತಿಯವರೆಲ್ಲರಿಂದ ಅವರವರ ಹೆಸರನ್ನು ಕನ್ನಡದಲ್ಲಿ ಬರೆಯಿಸಿ, ಹಾಜರಿ ಪುಸ್ತಕದೊಡನೆ ಹೋಲಿಸಿರಿ.
3. ಈ ಸಂಚಿಕೆಯಲ್ಲಿ ಅಚ್ಚಿನ ತಪ್ಪುಗಳು ಕಂಡರೆ ಪಟ್ಟಿಮಾಡಿ ಸಂಪಾದಕರಿಗೆ ಒಪ್ಪಿಸಿರಿ.